ಪಿಸುಮಾತಿನ ಗಿರಾಕಿ

"ನೀವು ಪೊಲೀಸರಿಗೆ ಹೇಳ್ಲಿಲ್ಲವಲ್ಲ ಅಕ್ಕ, ಅದೇ ದೊಡ್ಡದು."

ಹೊಲಿಗೆಯಕ್ಕನ ಕಾಲು ಮಷೀನಿನ ಪೆಡಲಿನ ಮೇಲೇ ನಿಂತುಹೋಯಿತು. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡಿತು.

ಮಧ್ಯಾಹ್ನ ಮೂರು ಗಂಟೆ. ಕೌಂಟರಿನ ಆಚೆ ಒಬ್ಬ ಗಂಡಸು ಬಗ್ಗಿ ನಿಂತು ಪಿಸುಗುಟ್ಟಿದ್ದ. ಬೂದು ಶರ್ಟು, ಕರಿ ಪ್ಯಾಂಟು, ಕಂಕುಳಲ್ಲಿ ಮಡಿಸಿದ ಇನ್ನೊಂದು ಪ್ಯಾಂಟು. ಕಣ್ಣು, ಮೂಗು, ಬಾಯಿ ಎಲ್ಲ ಇರಬೇಕಾದ ಕಡೆಯೇ ಇದ್ದವು. ಆದರೆ ಅವೆಲ್ಲ ಕೂಡಿ ಒಬ್ಬ ಮನುಷ್ಯನಾಗುತ್ತಿರಲಿಲ್ಲ. ಅವಳ ಪಾಲಿಗೆ ಯಾರ ಮುಖವೂ ಯಾವತ್ತೂ ಹಾಗೆ ಕೂಡಿರಲಿಲ್ಲ.

ಕಣ್ಣಿಗೇನೂ ದೋಷವಿರಲಿಲ್ಲ. ನಲವತ್ತೆಂಟು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮುಖದ ಗುರುತು ಮಾತ್ರ ಸಿಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಆಸ್ಪತ್ರೆಯಲ್ಲಿ ಅಮ್ಮನನ್ನು ನೋಡಲು ಹೋಗಿ, ಪಕ್ಕದ ಮಂಚದ ಹೆಂಗಸಿನ ಕೈ ಹಿಡಿದು ಹತ್ತು ನಿಮಿಷ ಅತ್ತಿದ್ದಳು. ಅಮ್ಮ ಈಚೆ ಮಂಚದಲ್ಲಿ ಮಲಗಿ ಅದನ್ನೇ ನೋಡುತ್ತಿದ್ದಳು. ಅವತ್ತಿನಿಂದ ಆ ವಿಷಯ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಗೊತ್ತಿದ್ದದ್ದು ಮಗಳೊಬ್ಬಳಿಗೆ.

ಉಳಿದವರನ್ನೆಲ್ಲ ಅವಳು ಬೇರೆ ದಾರಿಯಿಂದ ಹಿಡಿಯುತ್ತಿದ್ದಳು. ಚಪ್ಪಲಿಯ ಸದ್ದು, ಗಂಟಲು, ಹೆಗಲಿನ ಇಳಿಜಾರು, ಕೈ ಬೀಸುವ ರೀತಿ. ಯಾವುದೂ ಸಿಗದಿದ್ದರೆ ನಗು. ಗುರುತಿದ್ದವರಿಗೂ ಇಲ್ಲದವರಿಗೂ ಒಂದೇ ನಗು. "ನಮ್ಮ ಹೊಲಿಗೆಯಕ್ಕನಷ್ಟು ನಗುಮುಖ ಇನ್ನೊಂದಿಲ್ಲ" ಎಂದು ಕಟ್ಟಡದವರೆಲ್ಲ ಹೊಗಳುತ್ತಿದ್ದರು.

ಈಗಲೂ ನಕ್ಕಳು.

"ಹೇಳೋದೇನಿತ್ತು ಬಿಡಿ," ಎಂದಳು, ಕತ್ತಲಲ್ಲಿ ಕಲ್ಲು ಎಸೆಯುವ ಹಾಗೆ.

"ಇತ್ತಲ್ಲ! ಮಂಗಳವಾರ ಮೆಟ್ಟಿಲು ಇಳಿದು ಹೋದದ್ದು ಯಾರು ಅಂತ ನಿಮಗೆ ಗೊತ್ತು. ನನಗೂ ಗೊತ್ತು."

ಅವಳು ಚಕ್ರ ತಿರುಗಿಸಿ ಅರ್ಧ ಇಳಿದ ಸೂಜಿಯನ್ನು ಮೇಲೆತ್ತಿದಳು.

ಮಂಗಳವಾರ ಸಂಜೆ ಮೇಲಿನ ಮಹಡಿಯಲ್ಲಿ ಗಡಿಯಾರ ರಿಪೇರಿಯ ಅಜ್ಜನನ್ನು ಯಾರೋ ತಲೆಗೆ ಹೊಡೆದು ಕೊಂದಿದ್ದರು. ಮೊದಲ ಮಹಡಿಯಲ್ಲಿ ಮೆಟ್ಟಿಲಿಗೆ ಮುಖ ಮಾಡಿ ಅಂಗಡಿ ಇಟ್ಟಿದ್ದ ಹೊಲಿಗೆಯಕ್ಕನೇ ಏಕೈಕ ಸಾಕ್ಷಿ. ನಾಲ್ಕೂಕಾಲಿಗೆ ಗಡಿಯಾರದಂಗಡಿಯ ನೀಲಿ ಕೋಟಿನವನು ಇಳಿದು ಬಂದ, ನನ್ನ ನೋಡಿ ನಕ್ಕ. ಹತ್ತು ನಿಮಿಷ ಬಿಟ್ಟು ಅವನೇ ಮತ್ತೆ ದಡದಡ ಇಳಿದ, ಆ ಸಲ ನಗಲಿಲ್ಲ. ನಡುವೆ ಯಾರು ಹತ್ತಿದರೋ, ಮಷೀನಿನ ಮೇಲೆ ಬಗ್ಗಿದ್ದೆ, ನೋಡಲಿಲ್ಲ. ಇಷ್ಟು ಅವಳು ಪೊಲೀಸರಿಗೆ ಹೇಳಿದ್ದಳು. "ದಿನಾ ಹತ್ತಿ ಇಳಿಯೋನೇ ಸರ್, ಅಜ್ಜನ ಅಣ್ಣನ ಮಗ ಇರ್ಬೇಕು" ಎಂದೂ ಸೇರಿಸಿದ್ದಳು. ಆ ಮಾತಿನ ಮೇಲೆ ಹುಡುಗನನ್ನು ಎಳೆದುಕೊಂಡು ಹೋಗಿದ್ದರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಯಲ್ಲಿ ಗುರುತಿನ ಪರೇಡು. ಎಂಟು ಜನರ ಸಾಲಿನಲ್ಲಿ ಅವಳು ಒಬ್ಬನ ಕಡೆ ಬೆರಳು ತೋರಿಸಬೇಕು.

ಈಗ ಇವನು ಯಾರು?

ಪಿಸುಮಾತಿಗೆ ಗಂಟಲಿನ ಗುರುತು ಇರುವುದಿಲ್ಲ. ಎಲ್ಲರ ಪಿಸುಮಾತೂ ಒಂದೇ ಉಸಿರು. ಮೂಗೆಳೆದು ನೋಡಿದಳು. ಸೋಪಿನ ವಾಸನೆ. ಮಧ್ಯಾಹ್ನ ಮೂರಕ್ಕೆ ಸ್ನಾನ ಮಾಡಿಕೊಂಡು ಬಂದಿದ್ದಾನೆ.

ಅಜ್ಜನನ್ನು ಕೊಂದವನೇ ಎದುರಿಗೆ ನಿಂತು, ಗುರುತು ಹೇಳದೆ ಉಳಿಸಿದ್ದಕ್ಕೆ ಉಪಕಾರ ಸ್ಮರಿಸುತ್ತಿದ್ದಾನೆಯೇ? ತನಗೆ ಗುರುತೇ ಸಿಕ್ಕಿಲ್ಲ ಎಂದು ಇವನಿಗೆ ಗೊತ್ತಾದರೆ?

"ಒಳಗೆ ಬನ್ನಿ," ಎಂದಳು ಹೊಲಿಗೆಯಕ್ಕ. ತನ್ನ ಧ್ವನಿ ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. "ಹೀಗೆ ಕಿವಿ ಹತ್ತಿರ ಮಾತಾಡ್ತಾ ನಿಂತ್ರೆ ನೋಡಿದೋರು ಏನಂದ್ಕೋತಾರೆ? ಅಳತೆ ತಗೊಳ್ಳೋ ಥರ ಮಾಡ್ತೀನಿ. ಮಾತು ಹೇಳಿ."

"ಪ್ಯಾಂಟು ಗಿಡ್ಡ ಮಾಡೋಕೆ ಅಂತ ತಂದಿದ್ದೀನಿ."

"ಶರ್ಟಿನದೂ ತಗೋತೀನಿ. ಹೊತ್ತು ಬೇಕಲ್ಲ."

ಅವನು ಕೌಂಟರಿನ ಹಲಗೆ ಎತ್ತಿ ಒಳಗೆ ಬಂದ. ಹೊಲಿಗೆಯಕ್ಕ ಕತ್ತಿನಿಂದ ಟೇಪು ಎಳೆದುಕೊಂಡಳು. ಟೇಪು ಹಿಡಿದ ಕೂಡಲೇ ಕೈ ತಾನೇ ಕೆಲಸಕ್ಕಿಳಿಯಿತು. ಮೂವತ್ತು ವರ್ಷದ ಅಭ್ಯಾಸ.

"ತಿರುಗಿ."

ಬೆನ್ನು ಮಾಡಿದ. ಹೆಗಲು ಹದಿನೇಳೂವರೆ. ಇಂಥ ಹೆಗಲಿನವರು ಅವಳ ಪುಸ್ತಕದಲ್ಲಿ ಹದಿನೈದು ಜನರಾದರೂ ಇದ್ದರು.

"ಮನೇಲಿ ಎಲ್ಲ ಹೇಗಿದ್ದಾರೆ?" ಗುರುತು ಸಿಗದವರ ಮೇಲೆ ಅವಳು ಬೀಸುತ್ತಿದ್ದ ಹಳೇ ಬಲೆ. ಹೆಂಡತಿ, ಅಮ್ಮ, ಮಗುವಿನ ಪರೀಕ್ಷೆ, ಏನಾದರೊಂದು ಬಿದ್ದೇ ಬೀಳುತ್ತಿತ್ತು.

"ಇದ್ದಾರೆ," ಎಂದಷ್ಟೇ ಅಂದ. ಬಲೆ ಖಾಲಿ.

ಎದೆ ನಲವತ್ತು. ಸೊಂಟ ಮೂವತ್ತಾರು.

"ನೋಡಿ ಅಕ್ಕ. ಆ ಹುಡುಗನಿಗೆ ವಕೀಲರು ಸಿಗ್ತಾರೆ. ಆರು ತಿಂಗಳಲ್ಲಿ ಹೊರಗೆ ಬರ್ತಾನೆ. ನೀವು ಮಾತ್ರ ನಾಳೆ ಹಿಂದೆಮುಂದೆ ನೋಡ್ಬೇಡಿ. ಅವನನ್ನೇ ತೋರ್ಸಿ."

"ಅವನು ಅಲ್ಲವಲ್ಲ," ಎಂದಳು. ಅವನು ಅಲ್ಲವೆಂದು ಅವಳಿಗೇನು ಗೊತ್ತಿತ್ತು? ಕಲ್ಲು ಇನ್ನೂ ಕತ್ತಲಲ್ಲೇ ಎಸೆಯುತ್ತಿದ್ದಳು.

"ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಾಗಂತ ಯಾವ ತಾಯಿ ತಾನೇ ಬಾಯಿ ಬಿಡ್ತಾಳೆ?"

ಟೇಪು ಕೈಯಲ್ಲೇ ನಿಂತಿತು.

ತಾಯಿ?

"ನಾನು ಕೆಳಗೇ ಇದ್ದೆ," ಬೆನ್ನು ಮಾಡಿಕೊಂಡೇ ಪಿಸುಗುಟ್ಟಿದ. "ನಾಲ್ಕೂಕಾಲಿಗೆ ಇಳಿದು ಬಂದ್ಲು. ಮೆಟ್ಟಿಲ ಬುಡದಲ್ಲೇ ಕೋಟು ಬಿಚ್ಚಿ ಚೀಲಕ್ಕೆ ತುರುಕಿದ್ಲು. ಜಡೆ ಹೊರಗೆ ಎಳ್ಕೊಂಡು ಹೊರಟುಹೋದ್ಲು. ನಿಮ್ಮ ಮಗಳು ಬುದ್ಧಿವಂತೆ ಅಕ್ಕ. ಆದರೆ ನಿಮ್ಮ ಮುಂದೇನೇ ಹಾದು ಹೋದ್ಲಲ್ಲ, ಹೆತ್ತ ಕಣ್ಣು ತಪ್ಪುತ್ತಾ?"

ಹೊಲಿಗೆಯಕ್ಕ ಮಷೀನಿನ ಅಂಚು ಹಿಡಿದುಕೊಂಡಳು.

ನೀಲಿ ಕೋಟು. ಅವತ್ತು ನಕ್ಕದ್ದು. ತಾನೂ ನಕ್ಕದ್ದು.

ಮಗಳು ಅಂಗಡಿಗೆ ಬಂದರೆ ಹೊರಗಿನಿಂದಲೇ "ಅಮ್ಮಾ, ನಾನು" ಎಂದು ಕೂಗುತ್ತಿದ್ದಳು. ಮಾತು ಕಲಿತಾಗಿನಿಂದ ಹಾಗೇ. ಸಂತೆ ಗದ್ದಲದಲ್ಲೂ, ಬಸ್ ನಿಲ್ದಾಣದಲ್ಲೂ ಮೊದಲು ಆ ಎರಡು ಮಾತು, ಆಮೇಲೆ ಮಿಕ್ಕದ್ದು. ಅವತ್ತು ಕೂಗಲಿಲ್ಲ. ಕೂಗದಿದ್ದರೆ ಅಮ್ಮನಿಗೆ ಗೊತ್ತಾಗುವುದಿಲ್ಲ ಎಂದು ಗೊತ್ತಿದ್ದೇ ಕೂಗಲಿಲ್ಲ.

"ಅಕ್ಕ?"

"ಕೈ... ಕೈ ನೇರ ಬಿಡಿ. ತೋಳು ಅಳೀಬೇಕು."

ಈಗ ಅಳತೆಯಲ್ಲದೆ ಬೇರೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬಲತೋಳು ಇಪ್ಪತ್ತನಾಲ್ಕು. ಎಡಕ್ಕೆ ಬಂದಳು. ಇಪ್ಪತ್ತಮೂರು. ಮೊಣಕೈ ಹತ್ತಿರ ಒಂದು ಸಣ್ಣ ಬಾಗು.

"ನೇರ ಬಿಡಿ ಅಂದೆ."

"ಇಷ್ಟೇ ಬರೋದು."

ಅವಳ ಬೆರಳಿಗೆ ಆ ಮೊಣಕೈ ಗೊತ್ತಿತ್ತು. ವರ್ಷಕ್ಕೆ ಎರಡರಂತೆ ಆರು ವರ್ಷದಿಂದ ಆ ತೋಳಿಗೆ ಬಿಳಿ ಕೋಟು ಹೊಲಿಯುತ್ತಿದ್ದಳು. "ಎಡಗಡೆ ಒಂದಿಂಚು ಬಟ್ಟೆ ಉಳಿತು, ಕರ್ಚೀಫು ಮಾಡಿಕೊಡ್ಲಾ?" ಎಂದು ಪ್ರತಿಸಲ ತಮಾಷೆ ಮಾಡುತ್ತಿದ್ದಳು. ಕೆಳಗೆ ಮೆಟ್ಟಿಲ ಪಕ್ಕದ ಔಷಧಿ ಅಂಗಡಿಯವರು. ಕೆಮ್ಮು ನೆಗಡಿಗೆಲ್ಲ ಅವರೇ ಗುಳಿಗೆ ಹೇಳುತ್ತಿದ್ದರಿಂದ ಬೀದಿಯವರೆಲ್ಲ ಅವರನ್ನು 'ಅರ್ಧ ಡಾಕ್ಟ್ರು' ಎನ್ನುತ್ತಿದ್ದರು. ಅವರನ್ನು ಅವಳು ಯಾವಾಗಲೂ ಗುರುತು ಹಿಡಿಯುತ್ತಿದ್ದದ್ದು ಬಿಳಿ ಕೋಟಿನಿಂದ, ಅದಕ್ಕೆ ಅಂಟಿಕೊಂಡ ಸ್ಪಿರಿಟ್ಟಿನ ವಾಸನೆಯಿಂದ. ಇವತ್ತು ಎರಡೂ ಇರಲಿಲ್ಲ.

ಉಸಿರು ಸ್ವಲ್ಪ ಹಗುರಾಯಿತು. ಕೊಲೆಗಾರನಲ್ಲ. ಪಾಪ, ನೆರೆಯವರು. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಚ್ಚರಿಸಲು ಬಂದಿದ್ದಾರೆ.

"ನಾಳೆ ಗಾಬರಿ ಬೀಳ್ಬೇಡಿ," ಎಂದರು ಅವರು, ಪ್ಯಾಂಟನ್ನು ಕೌಂಟರಿನ ಮೇಲಿಡುತ್ತಾ. "ಎಂಟು ಜನ ನಿಂತಿರ್ತಾರೆ. ಹುಡುಗನ ಎಡಗೈ ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿರುತ್ತೆ. ಅದನ್ನ ನೋಡಿ ತೋರ್ಸಿಬಿಡಿ. ನಿಮ್ಮ ಮಗಳ ವಿಷಯ ನನ್ನ ಹೊಟ್ಟೇಲೇ ಇರುತ್ತೆ."

"ಮತ್ತೆ ತೋರ್ಸದಿದ್ರೆ?"

"ತೋರ್ಸದೆ ಏನು ಮಾಡ್ತೀರಿ? ಪೊಲೀಸರು ಬೇರೆ ನೀಲಿ ಕೋಟು ಹುಡುಕ್ತಾರೆ. ಸಿಕ್ಕೇ ಸಿಗುತ್ತೆ."

ಗದರಿಕೆಯೇನಲ್ಲ. ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಹೇಳುವಷ್ಟು ತಣ್ಣಗಿನ ಮಾತು.

ಹಲಗೆ ಎತ್ತಿ ಹೊರಗೆ ಹೋದರು. ಮೂರು ಮೆಟ್ಟಿಲು ಇಳಿದಿದ್ದರೇನೋ. ಹೊಲಿಗೆಯಕ್ಕನಿಗೆ ತಡೆಯಲಾಗಲಿಲ್ಲ. ಇಷ್ಟು ಹೊತ್ತು ಕತ್ತಲಲ್ಲಿ ತಡಕಾಡಿಸಿದ ಸಿಟ್ಟೋ, ತಾನೂ ಕಣ್ಣಿದ್ದವಳೇ ಎಂದು ತೋರಿಸುವ ಹಟವೋ.

"ಡಾಕ್ಟ್ರೇ, ಪ್ಯಾಂಟು ಸೋಮವಾರ ಕೊಡ್ತೀನಿ. ಬಿಳಿ ಕೋಟು ಹಾಕ್ಕೊಂಡೇ ಬನ್ನಿ. ನಿಮಗೆ ಅದೇ ಲಕ್ಷಣ."

ಹೆಜ್ಜೆ ನಿಂತಿತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಮೆಟ್ಟಿಲಿನ ಮೇಲೆ ಯಾವ ಸದ್ದೂ ಇಲ್ಲ.

"ಆಯ್ತಕ್ಕ," ಎಂಬ ಉತ್ತರ ಬಂತು. ಈ ಸಲ ಪಿಸುಮಾತಿನಲ್ಲಿ ಅಲ್ಲ.

*

ನಾಲ್ಕೂವರೆಗೆ ಹೊರಗಿನಿಂದ ದನಿ ಬಂತು. "ಅಮ್ಮಾ, ನಾನು."

ಹೊಲಿಗೆಯಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದಳು. ಮಗಳಿಗೆ ಇಪ್ಪತ್ತು ವರ್ಷ. ಎಡ ಹೆಗಲಿನ ಮೇಲೆ ಉದ್ದ ಜಡೆ, ನಡೆದರೆ ಟಿಕ್ ಟಿಕ್ ಎನ್ನುವ ಚಪ್ಪಲಿ, ಬಲಗೈಯಲ್ಲಿ ಮೂರು ಗಾಜಿನ ಬಳೆ. ಇವೆಲ್ಲ ಅಮ್ಮನಿಗಾಗಿಯೇ ಇಟ್ಟುಕೊಂಡ ಗುರುತುಗಳು.

"ಮಂಗಳವಾರ ನಾಲ್ಕೂಕಾಲಿಗೆ ಎಲ್ಲಿದ್ದೆ?"

"ಕಂಪ್ಯೂಟರ್ ಕ್ಲಾಸು..."

"ನಾಲಿಗೆ ಮೇಲೆ ನಿಗಾ ಇಟ್ಕೊಂಡು ಹೇಳು."

ಬಳೆಯ ಸದ್ದು ಕೇಳಿಸಿತು. ಮಗಳು ಕೈ ಹಿಸುಕಿಕೊಳ್ಳುತ್ತಿದ್ದಳು. ಆಮೇಲೆ ಒಮ್ಮೆಲೇ ಸ್ಟೂಲಿನ ಮೇಲೆ ಕುಸಿದು ಕೂತಳು.

"ನಾನು ಏನೂ ಮಾಡ್ಲಿಲ್ಲಮ್ಮ. ನಾನು ಬರೋವಾಗ ಅಜ್ಜ ಚೆನ್ನಾಗಿದ್ರು. ಬೇಗ ಮನೆಗೆ ಹೋಗು, ಯಾರೋ ಮಾತಾಡೋಕೆ ಬರ್ತಾರೆ ಅಂದ್ರು. ಆಣೆ ಮಾಡ್ತೀನಿ."

"ಅಲ್ಲಿ ನಿನಗೇನು ಕೆಲಸ?"

"ಕಲೀತಿದ್ದೆ."

"ಏನು?"

"ಗಡಿಯಾರ ರಿಪೇರಿ."

ಹೊಲಿಗೆಯಕ್ಕ ಮಗಳ ಬೆರಳುಗಳನ್ನೇ ನೋಡಿದಳು.

"ಕ್ಲಾಸು ಬಿಟ್ಟು ಮೂರು ತಿಂಗಳಾಯ್ತು. ನೀನು ಒಪ್ಪಲ್ಲ ಅಂತ ಗೊತ್ತಿತ್ತು. ಅಜ್ಜ ಮೊದಲು ಚಿಮಟ ಹಿಡಿಯೋಕೆ ಹೇಳ್ಕೊಟ್ರು. ಆಮೇಲೆ ಸ್ಪ್ರಿಂಗು. ಕೈ ನಡುಗಲ್ಲ, ನಿಮ್ಮಮ್ಮನ ಕೈ ನಿನಗೆ ಬಂದಿದೆ ಅಂತಿದ್ರು." ಮಗಳು ಬಳೆಗಳನ್ನು ಮೇಲಕ್ಕೆ ಸರಿಸಿದಳು. "ಅವರ ಅಣ್ಣನ ಮಗನ ಹಳೇ ಕೋಟು ಕೊಟ್ಟಿದ್ರು. ಅವನು ಅಂಗಡಿ ಕಡೆ ಬಂದು ಎಷ್ಟೋ ಕಾಲ ಆಯ್ತು. ಜಡೆ ಕೋಟಿನೊಳಗೆ ಬಿಟ್ಕೊಂಡು, ಬಳೆ ತೆಗೆದು, ಬಟ್ಟೆ ಬೂಟು ಹಾಕ್ಕೊಂಡು, ಎರಡೆರಡು ಮೆಟ್ಟಿಲು ಹಾರಿ ಇಳೀತಿದ್ದೆ. ನನ್ನ ನಡಿಗೆ ನಿನಗೆ ಗೊತ್ತಾಗುತ್ತಲ್ಲ, ಅದಕ್ಕೆ."

"ದಿನಾ?"

"ದಿನಾ."

"ನನ್ನ ಮುಂದೇನೇ?"

"ದಿನಾ ನನ್ನ ನೋಡಿ ನಗ್ತಿದ್ದೆ ಅಮ್ಮ ನೀನು. ಗುರುತಿಲ್ಲದೋರಿಗೆ ನಗೋ ನಗು. ಎಷ್ಟೋ ಸಲ ನಿಂತು ಕೂಗಿಬಿಡೋಣ ಅನ್ನಿಸ್ತು."

ಬಟ್ಟೆ ಚೂರುಗಳ ಬುಟ್ಟಿಯನ್ನು ಹೊಲಿಗೆಯಕ್ಕ ಕಾಲಿನಿಂದ ಅತ್ತ ಸರಿಸಿದಳು, ಮತ್ತೆ ಇತ್ತ ಸರಿಸಿದಳು. ಬೈಯಲು ಬಾಯಿ ಬರಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವ ಲೋಕವನ್ನೆಲ್ಲ ಅನುಮಾನದಿಂದ ಅಳೆಯುವ ತಾನು, ಹೊಟ್ಟೆಯಲ್ಲಿ ಹೊತ್ತವಳನ್ನು ಮೂರು ತಿಂಗಳು ದಾರಿಹೋಕಳನ್ನಾಗಿ ಮಾಡಿದ್ದಳು. ಜೊತೆಗೆ, ಆ ಕಡೆ ಕಾಲಿಡದ ಹುಡುಗನನ್ನು ಲಾಕಪ್ಪಿಗೆ ತಳ್ಳಿದ್ದಳು.

"ಸರಿ," ಎಂದಳು ಕೊನೆಗೆ. "ನಾಲ್ಕೂಕಾಲಿಗೆ ಇಳಿದೆ. ಮತ್ತೆ ಯಾಕೆ ಮೇಲೆ ಹೋದೆ?"

"ಮೇಲೆ? ನಾನು ಹೋಗ್ಲಿಲ್ಲ."

"ಹತ್ತು ನಿಮಿಷ ಬಿಟ್ಟು ಮತ್ತೆ ಇಳಿದೆಯಲ್ಲ."

"ಒಂದೇ ಸಲಮ್ಮ ನಾನು ಇಳಿದದ್ದು. ಬಸ್ಸು ಹತ್ತಿ ಮನೆಗೆ ಹೋದೆ. ಪಕ್ಕದ ಮನೆ ಚಿಕ್ಕಮ್ಮನ್ನ ಬೇಕಾದ್ರೆ ಕೇಳು, ನಾಲ್ಕೂವರೆಗೆ ಅವರ ಜೊತೆ ನೀರು ಹಿಡೀತಿದ್ದೆ."

ಹೊಲಿಗೆಯಕ್ಕ ನಿಧಾನವಾಗಿ ಎದುರಿನ ಸ್ಟೂಲಿಗೆ ಕೂತಳು. ಒಂದೇ ಕೋಟು, ಆದ್ದರಿಂದ ಒಬ್ಬನೇ ಮನುಷ್ಯ. ಬದುಕಿಡೀ ಹಾಗೇ ಲೆಕ್ಕ ಹಾಕಿದವಳು. ಬಟ್ಟೆಯನ್ನೇ ಮುಖ ಎಂದುಕೊಂಡು ಬದುಕುವವಳಿಗೆ ಎರಡು ಬಟ್ಟೆ ಒಂದೇ ತರಹ ಇದ್ದರೆ ಇಬ್ಬರು ಒಬ್ಬರಾಗುತ್ತಾರೆ.

"ಇನ್ನೊಂದು ನೀಲಿ ಕೋಟು ಯಾರ ಹತ್ತಿರ ಇದೆ?"

"ಇರೋದೇ ಎರಡು. ಎರಡೂ ನೀನೇ ಹೊಲಿದದ್ದು. ಒಂದು ನನ್ನ ಹತ್ತಿರ. ಇನ್ನೊಂದು ಅಜ್ಜನ ಮೈಮೇಲೆ."

ಇನ್ಸ್‌ಪೆಕ್ಟರ್ ಅವತ್ತು ಅವಳ ಎದುರಿಗೇ ಓದಿದ, ಅಜ್ಜನ ಅಂಗಡಿಯಲ್ಲಿ ಕಂಡ ಸಾಮಾನಿನ ಪಟ್ಟಿ ಕಿವಿಯಲ್ಲಿ ಮೊಳಗಿತು. ಮೇಜು, ಭೂತಗನ್ನಡಿ, ಹನ್ನೊಂದು ಗೋಡೆ ಗಡಿಯಾರ, ಒಡೆದ ಲೋಟ. ಶವದ ಮೇಲೆ ಅರ್ಧ ತೋಳಿನ ಶರ್ಟು. ಕೋಟಿನ ಹೆಸರೇ ಇರಲಿಲ್ಲ.

ಕೊಂದವನು ಅಜ್ಜನ ಮೈಮೇಲಿನ ಕೋಟು ಬಿಚ್ಚಿ ತಾನು ತೊಟ್ಟುಕೊಂಡಿದ್ದ. ಮುಖಕ್ಕೆ ಏನೂ ಸುತ್ತಿರಲಿಲ್ಲ, ತಲೆ ತಗ್ಗಿಸಿರಲಿಲ್ಲ. ಹೊಲಿಗೆಯಕ್ಕನ ಮುಂದೆ ಹಾದುಹೋಗಲು ಕೋಟೊಂದು ಸಾಕು ಎಂದು ಅವನಿಗೆ ಗೊತ್ತಿತ್ತು.

"ನನಗೆ ಮುಖ ಗೊತ್ತಾಗಲ್ಲ ಅನ್ನೋದು," ಅವಳು ತಗ್ಗಿದ ದನಿಯಲ್ಲಿ ಕೇಳಿದಳು, "ನಿನಗೊಬ್ಬಳಿಗೇ ತಾನೇ ಗೊತ್ತಿರೋದು?"

ಮಗಳು ಜಡೆಯ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಯಾರಿಗೆ ಹೇಳಿದ್ದೀಯ?"

"ಬೇಕಂತ ಹೇಳ್ಲಿಲ್ಲಮ್ಮ. ಚಪ್ಪಲಿ ಸದ್ದು ಬರುತ್ತೆ ಅಂತ ಕೆಳಗೇ ಬಿಟ್ಟು ಬೂಟು ಹಾಕ್ಕೋತಿದ್ದೆ. ಅಮ್ಮನ ಮುಂದೆ ಕೋಟು ಹಾಕ್ಕೊಂಡು ಹೋದ್ರೆ ಗೊತ್ತಾಗಲ್ವೇನಮ್ಮ ಅಂತ ಅವರು ಕೇಳಿದ್ರು. ದಿನಾ ಕೇಳ್ತಿದ್ರು. ಒಂದಿನ ಹೇಳ್ಬಿಟ್ಟೆ."

"ಚಪ್ಪಲಿ ಬಿಡ್ತಿದ್ದದ್ದು ಎಲ್ಲಿ?"

"ಅರ್ಧ ಡಾಕ್ಟ್ರ ಅಂಗಡೀಲಿ."

ಹೊಲಿಗೆಯಕ್ಕ ಎದ್ದು ನಿಂತಳು. ಸೋಪು ಹಾಕಿ ತೊಳೆದು ಬಂದ ಮೈ. ಗಂಟಲು ಅಡಗಿಸಿದ ಪಿಸುಮಾತು. ಹೆಬ್ಬೆರಳಿನ ಬಿಳಿ ಪಟ್ಟಿ. ಮುಖ ಗುರುತಿಸುವ ಸಾಕ್ಷಿಗೆ ಹೆಬ್ಬೆರಳಿನ ಪಟ್ಟಿ ಯಾಕೆ ಬೇಕು? ಅವನು ಎಚ್ಚರಿಸಲು ಬಂದಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲವೇ ಎಂದು ಪರೀಕ್ಷೆ ಮಾಡಲು ಬಂದಿದ್ದ. ತಾನೋ, ಬೆನ್ನ ಹಿಂದಿನಿಂದ 'ಡಾಕ್ಟ್ರೇ' ಎಂದು ಕೂಗಿ, ಈ ಕೈಗೆ ಕಣ್ಣಿದೆ ಎಂದು ಅವನಿಗೇ ಸಾರಿಬಿಟ್ಟಿದ್ದಳು.

"ಎದ್ದೇಳು. ನಿನ್ನ ಕೋಟು ತಗೊಂಡು ಈಗಲೇ ಠಾಣೆಗೆ ಹೋಗೋಣ. ನನಗೆ ಮುಖ ಸಿಗಲ್ಲ ಅಂತ ನಾನೇ ಹೇಳ್ತೀನಿ, ಎಷ್ಟು ನಗ್ತಾರೋ ನಗ್ಲಿ. ಕೋಟು ಎರಡಿತ್ತು, ಇಳಿದೋರು ಇಬ್ಬರು. ಆ ಹುಡುಗನೂ ಉಳೀತಾನೆ, ನೀನೂ ಉಳೀತೀಯ. ಎಲ್ಲಿ ಅದು? ಚೀಲದಲ್ಲಿದೆಯಾ?"

ಮಗಳು ಚೀಲ ಮುಟ್ಟಲಿಲ್ಲ.

"ಈಗ ಬರೋವಾಗ ಅವರೇ ಕರೆದ್ರಮ್ಮ. ಪೊಲೀಸರು ಮನೆ ಹುಡುಕೋಕೆ ಬರ್ತಾರಂತೆ, ಕೋಟು ಇಲ್ಲಿರ್ಲಿ, ನಾನು ನೋಡ್ಕೋತೀನಿ ಅಂದ್ರು." ಅವಳ ಧ್ವನಿ ಕೇಳಿಸದಷ್ಟು ಸಣ್ಣದಾಯಿತು. "ಕೊಟ್ಟು ಬಂದೆ."

ಹೊಲಿಗೆಯಕ್ಕ ಬಾಗಿಲು ಸರಿಸಿ ಹೊರಗಿನ ಕಬ್ಬಿಣದ ಕಟಕಟೆಯ ಹತ್ತಿರ ಓಡಿದಳು. ಬಗ್ಗಿ ನೋಡಿದಳು.

ಕೆಳಗೆ ಔಷಧಿ ಅಂಗಡಿಯ ಮುಂದೆ ಒಂದು ಬಿಳಿ ಕೋಟು ನಿಂತಿತ್ತು. ಅದರ ಎದುರು ಪೊಲೀಸ್ ಸಮವಸ್ತ್ರಗಳು ಎರಡು. ಬಿಳಿ ಕೋಟು ಏನನ್ನೋ ಕೊಟ್ಟಿತು. ಸಮವಸ್ತ್ರವೊಂದು ಅದನ್ನು ಕೊಡವಿ, ಭುಜದ ಹತ್ತಿರ ಹಿಡಿದು, ಬೆಳಕಿಗೆ ಬಿಡಿಸಿತು.

ನೀಲಿ ಬಟ್ಟೆ. ಅವಳದೇ ಹೊಲಿಗೆ.

ಮೂವರೂ ಒಟ್ಟಿಗೇ ತಲೆಯೆತ್ತಿ ಮೇಲೆ ನೋಡಿದರು. ಹೊಲಿಗೆಯಕ್ಕ ಹಿಂದೆ ಸರಿದು ಮಗಳನ್ನು ಅಂಗಡಿಯೊಳಕ್ಕೆ ತಳ್ಳಿದಳು, ಮತ್ತು ಮೊದಲ ಬೂಟಿನ ಸದ್ದು ಮೆಟ್ಟಿಲ ಮೇಲೆ ಬಿತ್ತು.